ಪದಚರ್ಚೆ: ‘ವಿಂಟರೈಸ್’ ಎಂಬುದಕ್ಕೆ ‘ಚಳಿಗಾಲೀಕರಿಸು’ ಸರಿಯೇ?

ಪ್ರಶ್ನೆ:
ಆರ್‌ವಿಯೊಳಗಿನ (ವಾಸದ ಸೌಕರ್ಯವಿರುವ ಪ್ರವಾಸದ ಬಂಡಿಯೊಳಗಿನ) ವಾಷಿಂಗ್ ಮಷೀನ್ ಮತ್ತು ಡಿಶ್‌ವಾಷರ್‌ಗಳ ಬಳಕೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರಲಾಗುತ್ತಿದೆ. ಕರಡಿನಲ್ಲಿ ಹೀಗಿದೆ: ‘ಬಂಡಿಯನ್ನು ನಿಲ್ಲಿಸಿಡುವ ಮುನ್ನ ಯಂತ್ರಗಳನ್ನು ಚಳಿಗಾಲೀಕರಿಸಿ, ನೀರನ್ನು ಖಾಲಿ ಮಾಡಿ, ಆಂಟಿಫ್ರೀಝ್ ಹಾಕಿ.’ ‘ವಿಂಟರೈಸ್’ಗೆ, ಅಂದರೆ ಚಳಿಯಲ್ಲಿ ನೀರು ಹೆಪ್ಪುಗಟ್ಟಿ ಕೆಡದಂತೆ ಅಣಿಗೊಳಿಸುವುದಕ್ಕೆ, ಹಾಕಿದ ‘ಚಳಿಗಾಲೀಕರಿಸಿ’ ಒರಟೆನಿಸುತ್ತದೆ. ‘ಚಳಿಗೆ ಸಜ್ಜುಗೊಳಿಸಿ’ ಎಂದರೆ ಸಾಲದೇ? ಇನ್ನೊಂದು ಮಾತು: ‘ವಾಷ್’ ಬಂದ ಕಡೆಯೆಲ್ಲ, ಎರಡೂ ಯಂತ್ರಗಳಿಗೆ, ‘ತೊಳೆ’ ಎಂದೇ ಹಾಕಿದ್ದಾರೆ. ಬದಲಿಸಬೇಕೇ?

ಉತ್ತರ 1:
ಘನೀಕರಣವೆಂದರೆ ಘನವಲ್ಲದ್ದನ್ನು ಘನ ಮಾಡುವುದು. ಆ ಲೆಕ್ಕದಲ್ಲಿ ಚಳಿಗಾಲೀಕರಣವೆಂದರೆ ಯಂತ್ರದೊಳಗೆ ಚಳಿಗಾಲ ತರುವುದು! ಬೇಕಾದದ್ದು ಅದರ ತದ್ವಿರುದ್ಧ. ತಲೆಬರಹಕ್ಕೆ ‘ಚಳಿಗೆ ಸಜ್ಜು’ ಸಾಕು.

ಆದರೆ ನಿಜವಾದ ತೊಡಕು ‘ಖಾಲಿ ಮಾಡಿ’ ಎಂಬಲ್ಲಿದೆ. ಈ ಯಂತ್ರಗಳು ಖಾಲಿಯಾಗುವುದೇ ಇಲ್ಲ. ಹೊರಹರಿವಿನ ಪಂಪು ತಳದಲ್ಲಿರುತ್ತದೆ, ಅದರ ಕೊಳವೆ ಮೇಲೇರಿ ಇಳಿಯುತ್ತದೆ; ಪಂಪು ನಿಂತೊಡನೆ ಆ ಕೊಳವೆಯ ನೀರು ಹಿಂದಕ್ಕೆ ಜಾರಿ ತಳದಲ್ಲೇ ನಿಲ್ಲುತ್ತದೆ. ಒಳಹರಿವಿನ ಕವಾಟಗಳಲ್ಲೂ ಒಂದಿಷ್ಟು ಉಳಿದಿರುತ್ತದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9% ಹಿಗ್ಗುವುದರಿಂದ ಪಂಪಿನ ಪ್ಲಾಸ್ಟಿಕ್ ಕವಚ ಸೀಳಲು ಅಷ್ಟೇ ಸಾಕು. ಸೀಳಿದ್ದು ಗೊತ್ತಾಗುವುದು ಚಳಿ ಕಳೆದು ನೀರು ಬಿಟ್ಟ ದಿನ. ಆದ್ದರಿಂದ ‘ಬಸಿಯಿರಿ’ ಎನ್ನಿ. ಬಸಿದ ಮೇಲೂ ತಳದಲ್ಲಿ ಅಷ್ಟಿಷ್ಟು ಉಳಿದೀತೆಂಬ ಎಚ್ಚರ ಆ ಪದದಲ್ಲೇ ಇದೆ.

‘ಗಾಳಿ ಊದಿ ತೆಗೆಯಿರಿ’ ಎಂದೂ ಕೆಲವರು ಬರೆಯುತ್ತಾರೆ. ಒಳಹರಿವಿನ ಕವಾಟ ವಿದ್ಯುತ್ ಸಿಕ್ಕಾಗ ಮಾತ್ರ ತೆರೆಯುತ್ತದೆ. ಯಂತ್ರ ಬಂದ್ ಇದ್ದರೆ ಕಂಪ್ರೆಸರಿನ ಗಾಳಿ ಅಲ್ಲಿಗೇ ನಿಲ್ಲುತ್ತದೆ, ದಾಟುವುದಿಲ್ಲ.

‘ಆಂಟಿಫ್ರೀಝ್ (ಚಳಿಗೆ ಕೊಳವೆ ಒಡೆಯದಂತೆ ತುಂಬುವ ಗುಲಾಬಿ ದ್ರವ) ಹಾಕಿ’ ಎಂದರೂ ಅರ್ಧ ಮಾತು. ಡಬ್ಬಿಯಿಂದ ಡ್ರಮ್ಮಿಗೆ ಸುರಿದರೆ ಪಂಪಿಗೆ ಸಿಗುತ್ತದೆ, ಕವಾಟಕ್ಕೆ ಸಿಗುವುದಿಲ್ಲ. ಮೊದಲು ನೀರು ಕಾಯಿಸುವ ಟ್ಯಾಂಕನ್ನು ಬೈಪಾಸ್ ಮಾಡಬೇಕು, ಅಂದರೆ ದ್ರವ ಅದರೊಳಗೆ ಹೋಗದೆ ಪಕ್ಕದಿಂದ ಹಾಯುವಂತೆ ಮಾಡಬೇಕು. ಇಲ್ಲವಾದರೆ 6 ಗ್ಯಾಲನ್ ಟ್ಯಾಂಕೊಂದೇ ಸುಮಾರು 23 ಲೀಟರ್ ಆಂಟಿಫ್ರೀಝ್ ಕುಡಿದುಬಿಡುತ್ತದೆ. ಆಮೇಲೆ ಬಂಡಿಯ ನೀರಿನ ಪಂಪು ಡಬ್ಬಿಯಿಂದ ದ್ರವ ಎಳೆಯುವಂತೆ ಮಾಡಿ, ವಾಷಿಂಗ್ ಮಷೀನನ್ನು ಬಿಸಿನೀರಿಗೆ ತಿರುಗಿಸಿ ಗುಲಾಬಿ ಬಣ್ಣ ಕಾಣುವವರೆಗೆ ಓಡಿಸಬೇಕು, ಬಳಿಕ ತಣ್ಣೀರಿಗೆ. ಕವಾಟಗಳು ಎರಡಿವೆ, ಒಂದನ್ನು ಮರೆತರೆ ಒಡೆಯುವುದು ಅದೇ. ಕೊನೆಗೆ ಸುಮಾರು ಒಂದು ನಿಮಿಷ ಬಸಿಯುವ ಸುತ್ತು: ಪಂಪಿನೊಳಗೆ ನೀರಿನ ಬದಲು ಗುಲಾಬಿ ದ್ರವ ನಿಲ್ಲಲಿ ಎಂದು. ಡಿಶ್‌ವಾಷರಿಗೆ ಸಾಮಾನ್ಯವಾಗಿ ಒಂದೇ ಕೊಳವೆ. ಅದು ಚಾಲೂ ಆದೊಡನೆ ಹಳೇ ನೀರನ್ನು ಹೊರದೂಡಿ ಆಮೇಲೆ ತುಂಬಿಕೊಳ್ಳುವುದರಿಂದ, ಬಣ್ಣ ಕಾಣುವ ಮೊದಲೇ ನಿಲ್ಲಿಸಬಾರದು. ಕಂಡ ಮೇಲೆ ಸುತ್ತನ್ನು ರದ್ದು ಮಾಡಿ ಬಸಿಯಬೇಕು, ಕಾಯಿಸಲು ಬಿಡಬಾರದು.

ಉತ್ತರ 2:
‘-ೀಕರಣ’ದ ವಾದ ಪೂರ್ತಿ ನಿಲ್ಲುವುದಿಲ್ಲ. ‘ಗಣಕೀಕರಣ’ ಎಂದಾಗ ಕಚೇರಿ ಗಣಕವಾಗುವುದಿಲ್ಲ, ಕಚೇರಿಗೆ ಗಣಕ ಬರುತ್ತದೆ. ಬಳಕೆ ಅಷ್ಟು ಸಡಿಲಗೊಂಡಿದೆ. ಹಾಗಿದ್ದೂ ‘ಚಳಿಗಾಲೀಕರಿಸು’ ಬೇಡ. ಏನು ಮಾಡಬೇಕೆಂಬುದನ್ನು ಅದು ಹೇಳುವುದಿಲ್ಲ. ಒಂದೇ ಪದ ಬೇಕೆಂದರೆ, ‘ಮೈಗಾವಲು’ ಇರುವಂತೆ ‘ಚಳಿಗಾವಲು’ ಆದೀತು.

ಆಂಟಿಫ್ರೀಝನ್ನು ‘ಹೆಪ್ಪುರೋಧಕ’ ಎಂದು ತಿರುಗಿಸುವ ಆಸೆ ಹುಟ್ಟಬಹುದು. ಅದು ತಪ್ಪು ಅರ್ಥ ಕೊಡುತ್ತದೆ. ಡಬ್ಬಿಯ ಮೇಲಿನ −50 ಫ್ಯಾರನ್‌ಹೀಟ್, ಅಂದರೆ ಸುಮಾರು −46 ಸೆಲ್ಸಿಯಸ್, ಕೊಳವೆ ಒಡೆಯದಿರುವ ಮಿತಿ. ದ್ರವ ಅದಕ್ಕಿಂತ ಎಷ್ಟೋ ಮೊದಲೇ ಕೆಸರಿನಂತೆ ಗಟ್ಟಿಯಾಗತೊಡಗುತ್ತದೆ, ಆದರೆ ಕೊಳವೆಯನ್ನು ಒಡೆಯುವಷ್ಟು ಒತ್ತುವುದಿಲ್ಲ. ನೀರು ಬೆರೆತರೆ ಈ ಮಿತಿ ಕೆಡುತ್ತದೆ. ಬಣ್ಣ ತಿಳಿಯಾಗಿರುವಾಗಲೇ ನಿಲ್ಲಿಸಬೇಡಿ ಎನ್ನುವುದು ಅದಕ್ಕೇ. ಪದವನ್ನು ಆಂಟಿಫ್ರೀಝ್ ಎಂದೇ ಉಳಿಸಿ, ಜೊತೆಗೆ ‘ಪ್ರೊಪಿಲೀನ್ ಗ್ಲೈಕಾಲ್ ಇರುವ ಆರ್‌ವಿ ಬಗೆ’ ಎಂದು ಕಡ್ಡಾಯವಾಗಿ ಸೇರಿಸಿ. ಕಾರಿನ ರೇಡಿಯೇಟರಿನದು ಹೆಚ್ಚಾಗಿ ಎಥಿಲೀನ್ ಗ್ಲೈಕಾಲ್, ವಿಷ. ಉಣ್ಣುವ ತಟ್ಟೆ ತೊಳೆಯುವ ಯಂತ್ರಕ್ಕೆ ಅದು ಹೋಗಲೇಬಾರದು.

‘ವಾಷ್’ ವಿಚಾರ: ಬಟ್ಟೆಗೆ ‘ಒಗೆ’, ಪಾತ್ರೆಗೆ ‘ತೊಳೆ’. ‘ರಿನ್ಸ್’ಗೆ ‘ಜಾಲಾಡಿಸು’, ‘ಸ್ಪಿನ್’ಗೆ ‘ಹಿಂಡು’. ಇದು ಬರೀ ಸೊಗಸಿನ ಮಾತಲ್ಲ. ಚಳಿ ಕಳೆದ ಮೇಲೆ ಮೊದಲ ಸುತ್ತನ್ನು ಬಟ್ಟೆಯಿಲ್ಲದೆ, ಸೋಪಿಲ್ಲದೆ ಓಡಿಸಬೇಕು. ಉಳಿದ ಗ್ಲೈಕಾಲ್ ಸೋಪಿನ ಜೊತೆ ಸೇರಿದರೆ ನೊರೆ ಏಳುತ್ತದೆ. ಕರಡಿನಲ್ಲಿ ‘ಯಂತ್ರದಲ್ಲಿ ಒಮ್ಮೆ ತೊಳೆಯಿರಿ’ ಎಂದಿದ್ದರೆ ಓದಿದವರು ಬಟ್ಟೆಯನ್ನೇ ತುಂಬುತ್ತಾರೆ. ‘ಯಂತ್ರವನ್ನು ಬರಿದಾಗಿ ಜಾಲಾಡಿಸಿ, ಆಮೇಲೆ ಬಟ್ಟೆ ಒಗೆಯಿರಿ’ ಎಂದು ತಿದ್ದಿ.