ಫ್ರೆಂಚ್ ವರ್ಬ್ ಆದ್ಮೇಲೆ 'ಆ' (à) ಹಾಕೋದಾ 'ದ' (de) ಹಾಕೋದಾ ಏನೂ ಹಾಕ್ಬಾರ್ದಾ?

ಪ್ರಶ್ನೆ:
ಡೆಲ್ಫ್ ಬಿ1 ಅನ್ನೋ ಫ್ರೆಂಚ್ ಪರೀಕ್ಷೆಗೆ ಓದ್ತಿದೀನಿ. 'ಕೊಮಾಂಸೆ' (ಶುರು ಮಾಡೋದು) ಆದ್ಮೇಲೆ 'ಆ', 'ಎಸ್ಸೆಯೆ' (ಪ್ರಯತ್ನ ಮಾಡೋದು) ಆದ್ಮೇಲೆ 'ದ', ಇದೆಲ್ಲ ಬಾಯಿಪಾಠ ಆಗಿದೆ. ಆದ್ರೆ ಅಮ್ಮನಿಗೆ ಫೋನ್ ಮಾಡ್ತೀನಿ ಅನ್ನೋಕೆ 'ಜ ತೆಲೆಫೊನ್ ಆ ಮಾ ಮೆರ್' ಅಂದ್ರೆ ಸರಿಯಂತೆ, ತಮ್ಮನಿಗೆ ಸಹಾಯ ಮಾಡ್ತೀನಿ ಅನ್ನೋಕೆ 'ಜೆದ್ ಆ ಮೋಂ ಫ್ರೆರ್' ಅಂದ್ರೆ ತಪ್ಪಂತೆ. ಎರಡರಲ್ಲೂ 'ಗೆ' ಇದೆಯಲ್ವಾ, ಹೆಂಗೆ ಗೊತ್ತಾಗ್ಬೇಕು?

ಉತ್ತರ:
ನಿಮ್ಮನ್ನ ದಾರಿ ತಪ್ಪಿಸ್ತಿರೋದೇ ಆ 'ಗೆ'. ಕನ್ನಡದ ವಿಭಕ್ತಿ ನೋಡ್ಕೊಂಡು 'ಆ' ಹಾಕೋಕೆ ಹೋದ್ರೆ ಕೆಲವು ಸಲ ಸರಿಹೋಗುತ್ತೆ, ಅದಕ್ಕೇ ನಂಬಿಕೆ ಬಂದ್ಬಿಡುತ್ತೆ. ಬಸ್ಸಿಗೆ ಕಾಯ್ತಿದೀನಿ ಅಂತೀವಿ, ಅವರು 'ಜಾತಾಂ ಲ ಬ್ಯುಸ್' ಅಂತಾರೆ, ನಡುವೆ ಏನೂ ಇಲ್ಲ. ಉಲ್ಟಾನೂ ಇದೆ, ತಮ್ಮನ್ನ ಕೇಳ್ದೆ ಅನ್ನೋದ್ರಲ್ಲಿ 'ಗೆ' ಇಲ್ಲ ಆದ್ರೆ 'ದಮಾಂದೆ'ಗೆ (ಕೇಳೋದು) 'ಆ' ಬೇಕೇ ಬೇಕು.

ಎಲ್ಲಾದಕ್ಕೂ ಒಂದೇ ರೂಲ್ ಅಂತ ಇಲ್ಲ, ಆದ್ರೆ ಒಬ್ಬ ಮನುಷ್ಯ ಮತ್ತೆ ಒಂದು ಕೆಲಸ ಎರಡೂ ಬರೋ ವಾಕ್ಯಗಳಲ್ಲಿ ಗುಂಪು ಮಾಡ್ಕೋಬಹುದು. 'ದಮಾಂದೆ', 'ದಿರ್' (ಹೇಳೋದು), 'ಪೆರ್ಮೆತ್ರ್' (ಅನುಮತಿ ಕೊಡೋದು), 'ಕೋಂಸೆಯೆ' (ಸಲಹೆ ಕೊಡೋದು) ಇವಕ್ಕೆ ಮನುಷ್ಯನ ಮುಂಚೆ 'ಆ', ಕೆಲಸದ ಮುಂಚೆ 'ದ': 'ಜ ದಮಾಂದ್ ಆ ಮೋಂ ಫ್ರೆರ್ ದ ವನಿರ್' (ತಮ್ಮನ್ನ ಬಾ ಅಂತ ಕೇಳ್ತೀನಿ). 'ಏದೆ' (ಸಹಾಯ ಮಾಡೋದು), 'ಏಂವಿತೆ' (ಕರೆಯೋದು), 'ಆಂಕುರಾಜೆ' (ಹುರಿದುಂಬಿಸೋದು) ಇವಕ್ಕೆ ಮನುಷ್ಯನ ಮುಂಚೆ ಏನೂ ಬೇಡ, 'ಆ' ಬರೋದು ಕೆಲಸದ ಮುಂಚೆ: 'ಜೆದ್ ಮೋಂ ಫ್ರೆರ್ ಆ ಎತ್ಯುದಿಯೆ' (ತಮ್ಮನಿಗೆ ಓದೋಕೆ ಸಹಾಯ ಮಾಡ್ತೀನಿ). ಬರೀ 'ಏದೆ ಆ' ಅಂತ ಪಟ್ಟಿ ಮಾಡ್ಕೊಂಡವರಿಗೆ ಆ 'ಆ' ಯಾರಿಗೆ ಸೇರಿದ್ದು ಅಂತಾನೇ ಗೊತ್ತಾಗಲ್ಲ, ದಯವಿಟ್ಟು ಪೂರ್ತಿ ವಾಕ್ಯಾನೇ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಓ ಈಗ ಅರ್ಥ ಆಯ್ತು, ಥ್ಯಾಂಕ್ಸ್! 'ದೆಸಿದೆ'ಗೆ (ನಿರ್ಧಾರ ಮಾಡೋದು) ಒಂದ್ಕಡೆ 'ದ' ಇನ್ನೊಂದ್ಕಡೆ 'ಆ' ನೋಡ್ದೆ, ಯಾವ್ದು ಸರಿ?

ಇನ್ನೊಬ್ಬರು:
ಎರಡೂ ಸರಿ. ಸುಮ್ನೆ ನಿರ್ಧಾರ ಮಾಡೋದಾದ್ರೆ 'ದೆಸಿದೆ ದ'. ಹಿಂದೆಮುಂದೆ ನೋಡಿ ನೋಡಿ ಕೊನೆಗೂ ಮನಸ್ಸು ಮಾಡೋದಾದ್ರೆ 'ಸ ದೆಸಿದೆ ಆ', ಅಲ್ಲಿ 'ಸ' ಸೇರಿದೆ ನೋಡಿ. 'ಕೋಂತಿನ್ಯುವೆ'ಗೆ (ಮುಂದುವರಿಸೋದು) ಮಾತ್ರ ತಲೆ ಕೆಡಿಸ್ಕೋಬೇಡಿ, 'ಆ'ನೂ ನಡೆಯುತ್ತೆ 'ದ'ನೂ ನಡೆಯುತ್ತೆ.

ಮೊದಲು ಉತ್ತರ ಕೊಟ್ಟವರು:
ಇನ್ನೊಂದು ಹೇಳೋದು ಬಿಟ್ಟಿತ್ತು. ಸರ್ವನಾಮ ಹಾಕುವಾಗ ಇದೇ ಲೆಕ್ಕ ಮತ್ತೆ ಬರುತ್ತೆ, 'ಆ' ಇಲ್ಲದ ತಮ್ಮನಿಗೆ 'ಜ ಲೆದ್', 'ಆ' ಇರೋ ಅಮ್ಮನಿಗೆ 'ಜ ಲ್ಯುಯಿ ತೆಲೆಫೊನ್'. ನಾಳೆ 'ಎಕುತೆ' (ಕಿವಿಗೊಟ್ಟು ಕೇಳೋದು), 'ರೆಪೋಂದ್ರ್' (ಉತ್ತರ ಕೊಡೋದು) ಎರಡಕ್ಕೂ ಹೀಗೇ ಸರ್ವನಾಮ ಹಾಕಿ ವಾಕ್ಯ ಬರೆದು ಇಲ್ಲಿ ಹಾಕಿ, ನೋಡ್ತೀನಿ.