ಪದಚರ್ಚೆ (ತುರ್ತು): ಮಳೆ ಬಂದ ಸಂಜೆ ಮನೆ ತುಂಬುವ ಕರಿಹುಳಕ್ಕೆ ಏನನ್ನೋಣ?

ಸಂಪಾಜೆಯಿಂದ, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಅತಿಥಿಗಳಿಗೆ ಹಾಕುವ ಬೋರ್ಡಿನ ಮ್ಯಾಟರನ್ನು ಸುಳ್ಯದ ಬೋರ್ಡ್ ಬರೆಯುವವರಿಗೆ ಕಳಿಸಬೇಕು. ಅದಕ್ಕೇ ಅವಸರ.

ನಮ್ಮದು ಪುಟ್ಟ ಹೋಮ್‌ಸ್ಟೇ. ಹಿಂದಿನ ಗುಡ್ಡ ಪೂರ್ತಿ ರಬ್ಬರ್. ಬೇಸಿಗೆಯ ಮೊದಲ ಮಳೆ ಬಿದ್ದ ಸಂಜೆ ಒಂದು ಜಾತಿ ಕರಿಹುಳ ಸಾವಿರಗಟ್ಟಲೆ ಲೈಟಿಗೆ ಬರುತ್ತದೆ. ಒಂದು ಸೆಂಟಿಮೀಟರ್ ಕೂಡ ಇಲ್ಲ. ಆಮೇಲೆ ಹಂಚಿನ ಸಂದಿಯಲ್ಲಿ, ಜಂತೆಯ ಮೂಲೆಯಲ್ಲಿ ಗುಂಪಾಗಿ ಅಂಟಿಕೊಂಡು ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಮೊನ್ನೆ ಒಬ್ಬ ಅತಿಥಿ ಗೋಡೆ ಮೇಲಿದ್ದವನ್ನೆಲ್ಲ ಚಪ್ಪಲಿಯಲ್ಲಿ, ಕೈಯಲ್ಲಿ ಚಚ್ಚಿದರು. ಬೆಳಿಗ್ಗೆ ನೋಡಿದರೆ ಗೋಡೆ ತುಂಬಾ ಕಂದು ಕಲೆ, ಅವರ ಅಂಗೈ ಸುಟ್ಟ ಹಾಗೆ ಕೆಂಪು, ರೂಮಿಗೆ ಕಾಲಿಡಲಾಗದ ನಾತ. ರಿವ್ಯೂನಲ್ಲಿ "ಜಿರಳೆ ಮನೆ" ಅಂತ ಬರೆದು ಹೋದರು.

ಇಂಗ್ಲಿಷ್ ಬೋರ್ಡಿನಲ್ಲಿ "ಬೀಟಲ್ ಇನ್‌ಫೆಸ್ಟೇಷನ್" ಅಂತ ಮಗಳು ಬರೆದಿದ್ದಾಳೆ. ಬೀಟಲ್ ಅಂದರೆ ಈ ಜಾತಿ ಹುಳ, ಇನ್‌ಫೆಸ್ಟೇಷನ್ ಅಂದರೆ ಅದು ಹೀಗೆ ಮನೆ ತುಂಬುವುದು. ಕನ್ನಡದಲ್ಲಿ ಎರಡಕ್ಕೂ ಪದ ಬೇಕು. ವರಾಂಡದ ಬಿದಿರು ಕುರ್ಚಿಯಿಂದಲೂ ಹುಡಿ ಬೀಳ್ತಾ ಇದೆ. ಅದೂ ಇದೇ ಹುಳವಾ?

ಮಡಿಕೇರಿಯಿಂದ, 8.55

ದುಂಬಿ. ಕೃಷಿ ಇಲಾಖೆಯವರು ಎಷ್ಟೋ ವರ್ಷದಿಂದ ಬರೆಯುತ್ತಿದ್ದಾರೆ. ಚರ್ಚೆ ಯಾಕೆ?

ಬೆಂಗಳೂರಿನಿಂದ, 9.05

ಇಲಾಖೆ ಬರೆದ ಮಾತ್ರಕ್ಕೆ ಪದ ಆಗುವುದಿಲ್ಲ ಮೇಷ್ಟ್ರೇ. ದುಂಬಿ ಹೂವಿಗೆ ಹೋಗುವುದು, ಹಂಚಿಗಲ್ಲ. "ಕೋಣೆಯಲ್ಲಿ ದುಂಬಿ ಇವೆ" ಅಂತ ಬೋರ್ಡ್ ಹಾಕಿದರೆ ಹನಿಮೂನಿಗೆ ಬಂದವರು ಖುಷಿಪಡುತ್ತಾರೆ ಅಷ್ಟೆ. ಈ ಜಾತಿ ಹುಳದ ಗುರುತು ಮೇಲಿನ ಗಟ್ಟಿ ರೆಕ್ಕೆ. ಅದು ಹಾರುವ ರೆಕ್ಕೆಗೆ ಒರೆ ಇದ್ದ ಹಾಗೆ. ಅರಿಸ್ಟಾಟಲ್ ಕಾಲದ ಗ್ರೀಕ್ ಹೆಸರಿನ ಅರ್ಥವೂ ಅದೇ. ಒರೆರೆಕ್ಕೆ ಅನ್ನಿ. ಅಚ್ಚಗನ್ನಡ.

ಸಿದ್ದಾಪುರದಿಂದ, 9.12

ಒರೆರೆಕ್ಕೆ! ನಮ್ಮ ತೋಟದ ಲೆಕ್ಕ ಬರೆಯೋ ರೈಟರಿಗೇ ಅರ್ಥ ಆಗಲ್ಲ. ನಾನು ಕೊರಕ ಅನ್ನೋಣ ಅಂತಿದ್ದೆ, ಆದರೆ ಕೊಡಗಿನಲ್ಲಿ ಅದು ಬೇಡ. ಅರೇಬಿಕಾ ಕಾಫಿ ಇಟ್ಟವರಿಗೆ ಕೊರಕ ಅಂದ ತಕ್ಷಣ ಬಿಳಿ ಕಾಂಡಕೊರಕವೇ ಕಣ್ಣ ಮುಂದೆ ಬರುತ್ತೆ. ಅದೂ ಇದೇ ವಂಶದ್ದೇ, ಆದರೆ ಗಿಡ ಕಿತ್ತು ಸುಡಬೇಕಾಗುತ್ತೆ. ನಿಮ್ಮ ಹುಳ ಏನನ್ನೂ ಕೊರೆಯೋದಿಲ್ಲ.

ಕರಿಕೆಯಿಂದ, 9.30

ಅಕ್ಕಾ, ಇದು ನಮ್ಮಲ್ಲೂ ಇದೆ. ಗಡಿಯಾಚೆ ಕೇರಳದಲ್ಲಿ ಮುಪ್ಲಿ ವಂಡು ಅಂತಾರೆ. ವಂಡು ಅಂದ್ರೆ ಮಲಯಾಳದಲ್ಲಿ ದುಂಬಿ. ಮುಪ್ಲಿ ಅನ್ನೋದು ತ್ರಿಶೂರು ಕಡೆಯ ಊರು. ರಬ್ಬರ್ ತೋಟದಲ್ಲಿ ಉದುರಿದ ಎಲೆ ತಿಂದು ಬೆಳೆಯುತ್ತೆ. ಮಳೆ ಶುರುವಾದ ಕೂಡಲೇ ಒಣ ಜಾಗ ಹುಡುಕಿ ಮನೆಗೆ ಬರುತ್ತೆ. ಮತ್ತೆ ಎಲೆ ಉದುರುವ ಕಾಲಕ್ಕೆ ತೋಟಕ್ಕೆ ಹೋಗುತ್ತೆ. ಕಚ್ಚಲ್ಲ, ಅಕ್ಕಿ ಬೇಳೆಗೆ ಬಾಯಿ ಹಾಕಲ್ಲ, ಮನೆಯೊಳಗೆ ಮರಿ ಮಾಡಲ್ಲ. ಹೆದರಿಸಿದರೆ ಮಾತ್ರ ಆ ನಾತದ ರಸ ಬಿಡುತ್ತೆ. ಚರ್ಮ ಸುಡೋದು ಅದರಿಂದಲೇ.

ಮಲಯಾಳದಲ್ಲಿ ಇನ್ನೊಂದು ಹೆಸರೂ ಇದೆ: ಓಟ್ಟೆರುಮ. ಓಡು ಅಂದ್ರೆ ಹಂಚು, ಎರುಮ ಅಂದ್ರೆ ಎಮ್ಮೆ. ಕರ್ರಗೆ ಹಂಚಿನ ಕೆಳಗೆ ಬಿದ್ದಿರೋದು ನೋಡಿದರೆ ಸರಿಯಾಗೇ ಇಟ್ಟಿದ್ದಾರೆ.

ಮಡಿಕೇರಿಯಿಂದ, 9.41

ವಂಡು! ವಕಾರ ಬಕಾರದ ವಿಷಯ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಮಲಯಾಳದ ವಿಲ್ಲು ನಮ್ಮಲ್ಲಿ ಬಿಲ್ಲಾದ ಹಾಗೆ ವಂಡು ಬಂಡು ಆಗಲೇಬೇಕು. ಆಗಿದೆ ಕೂಡ: ಬಂಡುಣಿ, ಅಂದರೆ ದುಂಬಿ. ಹಳೆಯ ಪದ ಮನೆಯಲ್ಲೇ ಇಟ್ಟುಕೊಂಡು ಗ್ರೀಸಿಗೆ ಯಾಕೆ ಹೋಗಬೇಕು?

ಬೆಂಗಳೂರಿನಿಂದ, 9.46

ಬಂಡುಣಿಯ ಬಂಡು ಹುಳ ಅಲ್ಲ, ಮಕರಂದ. ಅದನ್ನು ಉಣ್ಣುವುದು ಬಂಡುಣಿ. ನಿಮ್ಮ ಲೆಕ್ಕದಲ್ಲಿ ಹುಳ ಉಣ್ಣುವ ಹುಳ ಆಗುತ್ತದೆ. ಇವತ್ತಿನ ಕನ್ನಡದಲ್ಲಂತೂ ಬಂಡು ಬಯಲಾಯಿತು ಅಂದರೆ ಮರ್ಯಾದೆ ಹೋಯಿತು ಅಂತ. ಹೋಮ್‌ಸ್ಟೇಗೆ ಅದೇ ಬೇಕಾ?

ಓಟ್ಟೆರುಮ ಮಾತ್ರ ಸೊಗಸಾಗಿದೆ. ಎರುಮೆ ನಮ್ಮಲ್ಲಿ ಎಮ್ಮೆ, ಓಡು ನಮ್ಮಲ್ಲೂ ಓಡೇ. ಓಡೆಮ್ಮೆ! ಇದು ಸಾಲ ಅಲ್ಲ, ನಮ್ಮದೇ ಸರಕು.

ಸಿದ್ದಾಪುರದಿಂದ, 9.50

ಓಡೆಮ್ಮೆ ಅಂತ ಬರೆದರೆ ಅತಿಥಿಗಳು ಓಡುವ ಎಮ್ಮೆ ಎಲ್ಲಿ ಅಂತ ಕಿಟಕಿಯಲ್ಲಿ ನೋಡ್ತಾರೆ.

ಪೊನ್ನಂಪೇಟೆಯಿಂದ, 10.15

ಪದದ ಜಗಳದಲ್ಲಿ ಅವರ ಕುರ್ಚಿ ಮರೆತೇ ಹೋಯಿತು. ಮೇಡಂ, ಕುರ್ಚಿಯ ಹುಳ ಬೇರೆ. ಬಿದ್ದ ಹುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮೈದಾ ಹಾಗೆ ನುಣ್ಣಗಿದ್ದು, ಬಿದಿರಿನಲ್ಲಿ ಗುಂಡುಸೂಜಿ ತಲೆಯಷ್ಟು ದುಂಡನೆ ತೂತು ಇದ್ದರೆ ಅದು ಕುಟ್ಟೆ. ಮಣ್ಣಿನ ಕೊಳವೆ ಕಂಡರೆ ಮಾತ್ರ ಗೆದ್ದಲು. ಜನ ಎರಡನ್ನೂ ಗೆದ್ದಲು ಅಂದುಬಿಡುತ್ತಾರೆ. ಹಾಗಾಗಿ ತಪ್ಪು ಔಷಧಿಗೆ ದುಡ್ಡು ಹೋಗುತ್ತೆ.

ಇವತ್ತು ರಾತ್ರಿ ಹುಡಿ ಗುಡಿಸಿ, ಕುರ್ಚಿಯ ಕೆಳಗೆ ಕಪ್ಪು ಕಾಗದ ಹಾಸಿ. ಒಂದೆರಡು ದಿನದಲ್ಲಿ ಮತ್ತೆ ಬಿಳಿ ಹುಡಿ ಬಿದ್ದರೆ ಒಳಗೆ ಹುಳ ಜೀವಂತ ಇದೆ. ಅದಕ್ಕೆ ಬಿದಿರಿನ ಪಿಷ್ಟ ಬೇಕು. ಕಡಿದ ಬಿದಿರನ್ನು ಕೆಲವು ವಾರ ನೀರಲ್ಲಿ ಮುಳುಗಿಸಿಡುವುದು ಆ ಪಿಷ್ಟ ಹೋಗಲಿ ಅಂತಲೇ. ಮಾಡಿದ ಕುರ್ಚಿಗೆ ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರು ಹಚ್ಚಬಹುದು. ಆದರೆ ವಾರ್ನಿಷ್ ಇದ್ದರೆ ಒಳಗೆ ಇಳಿಯೋದಿಲ್ಲ, ಮೊದಲು ಉಜ್ಜಿ ತೆಗೀಬೇಕು. ಅಲ್ಲಿವರೆಗೂ ಬೇರೆ ಬಿದಿರಿನ ಸಾಮಾನಿಂದ ದೂರ ಇಡಿ.

ಮಡಿಕೇರಿಯಿಂದ, 10.22

ಕುಟ್ಟೆ! ಕಟ್ಟು, ಕಟ್ಟೆ. ಕುಟ್ಟು, ಕುಟ್ಟೆ. ಒರಳಿನಲ್ಲಿ ಕುಟ್ಟಿದ ಹಾಗೆ ಹುಡಿ ಮಾಡುವುದು. ಹೀಗೆ ಹುಟ್ಟುತ್ತದೆ ಪದ, ಒರೆರೆಕ್ಕೆಯ ಹಾಗೆ ಅಲ್ಲ.

ಬೆಂಗಳೂರಿನಿಂದ, 10.25

ಪ್ರಾಸ ಸಿಕ್ಕಿದ್ದೆಲ್ಲ ವ್ಯುತ್ಪತ್ತಿ ಅಲ್ಲ.

ಸಂಪಾಜೆಯಿಂದ, 10.40

ಕುರ್ಚಿ ವಿಷಯ ತುಂಬಾ ಉಪಕಾರ ಆಯ್ತು. ತೂತು ಇದೆ, ಎಣಿಸಿದೆ, ಒಂದು ಕಾಲಲ್ಲೇ ಹದಿನೇಳು. ಬೋರ್ಡಿನ ಪದ ಮಾತ್ರ ಇನ್ನೂ ಸಿಕ್ಕಿಲ್ಲ. ಇನ್‌ಫೆಸ್ಟೇಷನ್‌ಗೆ "ಹಾವಳಿ" ಆಗಬಹುದಾ?

ಸಿದ್ದಾಪುರದಿಂದ, 10.44

ಬೇಡವೇ ಬೇಡ ತಂಗೀ. ನಮ್ಮ ಜಿಲ್ಲೆಯಲ್ಲಿ ಹಾವಳಿ ಅಂದ್ರೆ ಆನೆ. ಬೋರ್ಡಿನಲ್ಲಿ ಆ ಮಾತು ನೋಡಿದ ಅತಿಥಿ ಕಾರಿಂದ ಇಳಿಯಲ್ಲ. ಕಾಟ ಅನ್ನು. ಇಲ್ಲಾ ಪದವೇ ಬೇಡ, "ಹುಳ ಬರುತ್ತದೆ" ಅಂದರೆ ಸಾಕಲ್ವಾ?

ಕರಿಕೆಯಿಂದ, 10.50

ನಮ್ಮ ಕಡೆ ಕೂಲಿಯವರು ರಬ್ಬರ್ ಹುಳ ಅಂತಾರೆ. ಎಲ್ಲಿಂದ ಬಂತು ಅಂತಲೂ ಗೊತ್ತಾಗುತ್ತೆ. ಅದನ್ನೇ ಹಾಕಿ. ಇನ್ನೊಂದು ಮಾತು: ಮಳೆ ಬಂದ ಸಂಜೆ ಒಳಗಿನ ಲೈಟ್ ಎಲ್ಲ ತೆಗೆದು, ಮನೆಯಿಂದ ದೂರ ಅಂಗಳದ ತುದಿಯಲ್ಲಿ ಒಂದು ಬಲ್ಬ್ ಹಾಕಿ. ಅದರ ಕೆಳಗೆ ಅಗಲ ಬೇಸನ್ನಿನಲ್ಲಿ ಸೋಪು ನೀರು ಇಡಿ. ಅರ್ಧಕ್ಕರ್ಧ ಅಲ್ಲೇ ಬೀಳುತ್ತೆ. ಒಳಗೆ ಬಂದದ್ದನ್ನು ಮೆತ್ತಗೆ ಮೊರಕ್ಕೆ ಗುಡಿಸಿ ಅದೇ ನೀರಿಗೆ ಹಾಕಿ. ತುಳಿಯಬೇಡಿ.

ಬೆಂಗಳೂರಿನಿಂದ, 10.58

ರಬ್ಬರ್ ಹುಳ! ಅರ್ಧ ಇಂಗ್ಲಿಷ್. ಇದಕ್ಕಾಗಿ ಎರಡು ಗಂಟೆ ಚರ್ಚೆ ಮಾಡಿದೆವಾ? ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ನಾಳೆ ಕನ್ನಡದಲ್ಲಿ ಕ್ರಿಯಾಪದದ ಬಾಲ ಮಾತ್ರ ಉಳಿಯುತ್ತದೆ.

ಸಿದ್ದಾಪುರದಿಂದ, 11.03

ಮೊದಲು ಕಾಫಿಗೆ ಅಚ್ಚಗನ್ನಡ ಪದ ಕೊಡಿ ಸಾರ್. ನಾವು ಅದನ್ನು ಬೆಳೆದು, ಮಾರಿ, ಕುಡಿದು ಬದುಕ್ತಾ ಇದ್ದೇವೆ. ಆ ಹೆಸರು ಅರಬ್ಬರಿಂದ ಬಂತು ಅಂತ ಗಿಡಕ್ಕೇನೂ ಬೇಜಾರಿಲ್ಲ. ರಬ್ಬರ್ ಮರವೇ ಹೊರಗಿಂದ ಬಂದದ್ದು. ಅದರ ಹುಳಕ್ಕೆ ಮಾತ್ರ ಹಳಗನ್ನಡದ ಅಂಗಿ ಯಾಕೆ?

ಮಡಿಕೇರಿಯಿಂದ, 11.06

ನಾನು ಈಗಲೂ ದುಂಬಿ ಅಂತಲೇ ಹೇಳುತ್ತೇನೆ. ಮಲಗುತ್ತೇನೆ.

ಸಂಪಾಜೆಯಿಂದ, ಬೆಳಿಗ್ಗೆ 9.20

ಬೋರ್ಡಿನವರಿಗೆ ಹೀಗೆ ಕಳಿಸಿದೆ: "ಇದು ರಬ್ಬರ್ ಹುಳ. ಮಳೆ ಬಂದ ಸಂಜೆ ಬರುತ್ತದೆ. ಕಚ್ಚುವುದಿಲ್ಲ. ಚಚ್ಚಬೇಡಿ, ನಾರುತ್ತದೆ, ಚರ್ಮ ಉರಿಯುತ್ತದೆ. ಕಿಟಕಿ ಮುಚ್ಚಿ, ಲೈಟ್ ಆಫ್ ಮಾಡಿ. ಜಾಸ್ತಿ ಇದ್ದರೆ ನಮ್ಮನ್ನು ಕರೆಯಿರಿ."

ಬೆಂಗಳೂರಿನಿಂದ, 9.24

ಹುಳ ಹೋಗಲಿ. "ಲೈಟ್ ಆಫ್ ಮಾಡಿ" ಯಾಕಮ್ಮಾ? "ದೀಪ ಆರಿಸಿ" ಅಂತ ಚೆಂದದ ಮಾತು ಇದೆಯಲ್ಲ.

ಸಂಪಾಜೆಯಿಂದ, 9.31

ಮೊದಲು ಹಾಗೇ ಬರೆದಿದ್ದೆ ಸರ್. ಅತ್ತೆ ನೋಡಿದರು. ಮನೆಯೊಳಗೆ ದೀಪ ಆರಿಸಿ ಅಂತ ಬೋರ್ಡ್ ಹಾಕಿದರೆ ಕಿತ್ತು ಒಲೆಗೆ ಹಾಕ್ತಾರಂತೆ.