ಸಹಾಯ ಬೇಕು: ಗಾಡಿಯೊಳಗಿನ ಇಳಿಸುವ ಮಂಚಕ್ಕೆ ಗ್ಯಾಸ್ ಸ್ಟ್ರಟ್ ಬದಲಾಯಿಸಬೇಕು (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಒಳಗೇ ಮಲಗಲು, ಅಡುಗೆ ಮಾಡಲು ಆಗುವಂತೆ ಮಾಡಿಸಿದ ಟೆಂಪೋ ಟ್ರಾವೆಲರ್. ಸೀಟಿನ ಮೇಲೆ, ಛಾವಣಿಗೆ ಹತ್ತಿ ಒಂದು ಮಂಚ ಇದೆ. ಹಗಲು ಮೇಲೆ, ರಾತ್ರಿ ಕೆಳಗೆ. ಅದನ್ನು ಎತ್ತಿ ಹಿಡಿಯುವ ಎರಡೂ ಗ್ಯಾಸ್ ಸ್ಟ್ರಟ್ ಸೋತಿವೆ. ಕಾರಿನ ಡಿಕ್ಕಿಗೆ ಇರುತ್ತವಲ್ಲ, ಅದೇ ಥರದವು. ಒಂದರ ರಾಡ್ ಮೇಲೆ ಎಣ್ಣೆ ಜಿನುಗಿದೆ. ಚೋರ್ಲಾ ಘಾಟ್‌ನ ಕುಲುಕಾಟಕ್ಕೆ ಮಂಚ ತಾನಾಗಿಯೇ ಇಳಿಯುತ್ತದೆ. ಸದ್ಯ ಬೆಲ್ಟ್ ಬಿಗಿದಿದ್ದೇನೆ, ಕೆಳಗೆ ಯಾರನ್ನೂ ಕೂರಿಸುತ್ತಿಲ್ಲ.

ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು, ಇಲ್ಲದಿದ್ದರೆ ಮಂಚ ಒಂದು ಕಡೆ ಎಳೆಯುತ್ತದೆ. ಒಳಗೆ ಒತ್ತಡದ ನೈಟ್ರೋಜನ್ ಇರುವುದರಿಂದ ಹಳೆಯದನ್ನು ಕೊರೆಯುವುದು, ಕಾಯಿಸುವುದು ಬೇಡವೇ ಬೇಡ. ಇಷ್ಟು ಗೊತ್ತು. ತೊಂದರೆ ಏನಂದ್ರೆ, ಟ್ಯೂಬಿನ ಮೇಲಿನ ಅಕ್ಷರ ಅಳಿಸಿಹೋಗಿ ಎಷ್ಟು ನ್ಯೂಟನ್ ಅಂತ ಓದಲು ಆಗುತ್ತಿಲ್ಲ. ಅಂಗಡಿಯವರು "ಜಾಸ್ತಿ ಬಲದ್ದೇ ಹಾಕ್ರಿ ಸರ್, ಗಟ್ಟಿ ಇರ್ತದ" ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬಲ ಮಿತಿ ಮೀರಿದರೆ ಮಂಚ ಕೆಳಗೆ ನಿಲ್ಲುವುದಿಲ್ಲ, ಬ್ರಾಕೆಟ್‌ನ ಸ್ಕ್ರೂ ಪ್ಲೈವುಡ್‌ನಿಂದ ಕಿತ್ತು ಬರಬಹುದು, ಅಲ್ವಾ?

ಮಂಚವನ್ನು ಗಾದಿ ಸಮೇತ ತೂಗಿ, ಹಿಂಜ್‌ನಿಂದ ಸ್ಟ್ರಟ್‌ಗೆ ಇರುವ ದೂರ ಅಳೆದು ಲೆಕ್ಕ ಹಾಕಿದವರು ಇದ್ದೀರಾ? ಮಂಚ ಪೂರ್ತಿ ಮೇಲಿದ್ದಾಗ, ಅಂದರೆ ಸ್ಟ್ರಟ್ ಪೂರ್ತಿ ಚಾಚಿದಾಗ, ಬಿಚ್ಚೋಣ ಅಂತಿದ್ದೇನೆ. ಎರಡೂ ಬದಿಗೆ ಮರದ ಆಸರೆ ಕೊಟ್ಟರೆ ಸಾಕೇ, ಬೆಲ್ಟೂ ಇರಬೇಕೇ? ರಾಡ್ ಕೆಳಮುಖವಾಗಿದ್ದರೆ ಸೀಲ್ ಒಣಗುವುದಿಲ್ಲವಂತೆ, ನಮ್ಮದು ಉಲ್ಟಾ ಇದೆ. ತಿರುಗಿಸಿ ಹಾಕಲೇ?

ಉದ್ಯಮಬಾಗ್ ಕಡೆ ಅಳತೆಗೆ ತಕ್ಕಂತೆ ತರಿಸಿಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.